ಸಹಾಯ ಬೇಕು: ಐಡ್ಲಿಂಗ್‌ನಲ್ಲಿ ಪಿಕಪ್ ನಡುಗುತ್ತಿದೆ

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, ಡೀಸೆಲ್ ಒತ್ತಿ ಕಳಿಸುವುದು ಹಳೆಯ ಮೆಕ್ಯಾನಿಕಲ್ ಪಂಪು. ಹದಿನೈದು ದಿನದಿಂದ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಇಡೀ ಗಾಡಿ ನಡುಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸರಿಹೋಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಇಂಜಿನ್ ಬಿಸಿಯಾದ ಮೇಲೆ ಕಡಿಮೆ.

ಡೀಸೆಲ್ ಫಿಲ್ಟರ್ ಬದಲಿಸಿ ಲೈನಿನಲ್ಲಿದ್ದ ಏರ್ ತೆಗೆದೆ. ಇಂಜಿನ್ ಕೂರುವ ಮೌಂಟಿಂಗ್‌ಗಳು ಚೆನ್ನಾಗಿವೆ. ಆಮೇಲೆ ಇಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿದೆ. (ಯಾರಾದರೂ ಇದನ್ನು ಮಾಡುವುದಾದರೆ ಕೈ ಹತ್ತಿರ ಒಡ್ಡಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.) ಸಡಿಲಿಸಿದಾಗ ಆ ಸಿಲಿಂಡರಿಗೆ ಡೀಸೆಲ್ ಹೋಗುವುದಿಲ್ಲ. 1, 2, 4ನೇ ಸಿಲಿಂಡರಿನಲ್ಲಿ ಇಂಜಿನ್ ಸದ್ದು ತಕ್ಷಣ ಬಿತ್ತು. 3ರಲ್ಲಿ ಏನೂ ವ್ಯತ್ಯಾಸ ಇಲ್ಲ. ಅಂದರೆ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಅಲ್ವಾ? 2 ಮತ್ತು 3ರ ಇಂಜೆಕ್ಟರ್ ಅದಲುಬದಲು ಮಾಡಿದೆ. ತೊಂದರೆ 3ರಲ್ಲೇ ಉಳಿಯಿತು. ಹಾಗಾಗಿ ಇಂಜೆಕ್ಟರ್ ಅಲ್ಲ.

ಗ್ಯಾರೇಜಿನವರು ಪಂಪ್ ಬಿಚ್ಚೋಣ ಅನ್ನುತ್ತಾರೆ. ಅದು ದೊಡ್ಡ ಖರ್ಚು. ಆದರೆ ಬಿಳಿ ಹೊಗೆ ಅಂದರೆ ಡೀಸೆಲ್ ಬರುತ್ತಿದೆ, ಸರಿಯಾಗಿ ಉರಿಯುತ್ತಿಲ್ಲ ಅಂತ ತಾನೇ? ಮೊದಲು ಟ್ಯಾಪೆಟ್ ಗ್ಯಾಪ್ (ಇಂಜಿನ್ ವಾಲ್ವ್ ಮೇಲಿನ ಸಂದು), ಆಮೇಲೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿಯ ಒತ್ತಡ) ನೋಡಿಸುವುದು ಸರಿಯಾ? ಇಲ್ಲಾ ಪಂಪಿನ ಡೆಲಿವರಿ ವಾಲ್ವ್ (ಪೈಪಿಗೆ ಡೀಸೆಲ್ ಬಿಡುವ ವಾಲ್ವ್) ಹೋದರೂ ಹೀಗೇ ಆಗುತ್ತದಾ? ತುಮಕೂರು ಕಡೆ ಡೀಸೆಲ್ ಕಂಪ್ರೆಷನ್ ಗೇಜ್ ಇರುವ ಮೆಕ್ಯಾನಿಕ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದಿನಾ ತರಕಾರಿ ಲೋಡ್ ಇದೆ, ಗಾಡಿ ನಿಲ್ಲಿಸುವ ಹಾಗಿಲ್ಲ.