ಪೋಸ್ಟ್‌ಗ್ರೆಸ್: 60 ಲಕ್ಷ ಸಾಲುಗಳ ಅಪ್‌ಡೇಟ್, ಶುರುವಿನಲ್ಲಿ ಸರಾಗ, ಹೋಗ್ತಾ ಹೋಗ್ತಾ ವಿಪರೀತ ನಿಧಾನ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಹಾಲಿನ ಸೊಸೈಟಿಗಳ ಲೆಕ್ಕದ ಸಾಫ್ಟ್‌ವೇರ್ ನೋಡ್ಕೊಳ್ತೀನಿ. ರೈತರು ಬೆಳಗ್ಗೆ-ಸಂಜೆ ಹಾಕಿದ ಹಾಲಿನ ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ಮೊತ್ತ ಎಲ್ಲಾ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಒಂದೇ ಟೇಬಲ್‌ನಲ್ಲಿದೆ, ಸುಮಾರು 60 ಲಕ್ಷ ಸಾಲು. ದರಪಟ್ಟಿ ತಿದ್ದುಪಡಿಯಾಗಿರೋದ್ರಿಂದ ಹಳೇ ಮೊತ್ತವನ್ನೆಲ್ಲ ಮತ್ತೆ ಲೆಕ್ಕ ಹಾಕಬೇಕು. ಪೈಥಾನ್ ಸ್ಕ್ರಿಪ್ಟ್ ಲಿಮಿಟ್ (ಒಂದು ಸಲಕ್ಕೆ ಎಷ್ಟು ಸಾಲು) 1000 ಇಟ್ಟು, ಆಫ್‌ಸೆಟ್ (ಶುರುವಿನಿಂದ ಎಷ್ಟು ಸಾಲು ಬಿಡಬೇಕು) ಏರಿಸ್ತಾ ಸಾಲುಗಳನ್ನು ತರುತ್ತೆ. ಒಂದೊಂದು ಸಾಲಿಗೂ ದರ ಹುಡುಕಿ, ಅಪ್‌ಡೇಟ್ ಮಾಡಿ, ಕಮಿಟ್ (ಬದಲಾವಣೆ ಖಾಯಂ) ಮಾಡುತ್ತೆ. ಹತ್ತು ಲಕ್ಷ ದಾಟಿದ ಮೇಲೆ ಪ್ರತಿ ಸಾವಿರಕ್ಕೂ ತಗೊಳ್ಳೋ ಸಮಯ ಏರ್ತಾನೇ ಇದೆ. ಐಡಿ ಮೇಲೆ ಇಂಡೆಕ್ಸ್ (ಬೇಗ ಹುಡುಕೋಕೆ ಇರೋ ಸೂಚಿ) ಇದೆ. ರ‍್ಯಾಮ್ ಜಾಸ್ತಿ ಮಾಡಿದ್ರೂ ಏನೂ ವ್ಯತ್ಯಾಸ ಇಲ್ಲ. ಎಲ್ಲಿ ನೋಡಬೇಕು?

ಉತ್ತರ:

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಸೇರ್ಕೊಂಡಿದೆ. ಹೋಗ್ತಾ ಹೋಗ್ತಾ ನಿಧಾನ ಆಗೋದು ಒಂದು, ಮೊದಲಿಂದಲೂ ಇರೋ ನಿಧಾನ ಇನ್ನೊಂದು.

ಮೊದಲನೆಯದು ಆಫ್‌ಸೆಟ್‌ನಿಂದ. ಆಫ್‌ಸೆಟ್ 20 ಲಕ್ಷ ಅಂದ್ರೆ ಪೋಸ್ಟ್‌ಗ್ರೆಸ್ ನೇರ ಅಲ್ಲಿಗೆ ಹಾರಲ್ಲ. ಇಂಡೆಕ್ಸ್ ಇದ್ದರೂ ಮೊದಲ 20 ಲಕ್ಷ ಸಾಲುಗಳನ್ನು ದಾಟ್ಕೊಂಡೇ ಬಂದು, ಅವನ್ನೆಲ್ಲ ಕೈಬಿಟ್ಟು, ಆಮೇಲಿನ ಸಾವಿರ ಕೊಡುತ್ತೆ. ನಿಮ್ಮದು 6000 ಕಂತು, ಸರಾಸರಿ ಒಂದು ಕಂತಿಗೆ 30 ಲಕ್ಷ. ಗುಣಿಸಿ ನೋಡಿ, 1800 ಕೋಟಿ ಸಲ ಸಾಲು ಓದಿದ ಹಾಗಾಯ್ತು! ಕ್ವೆರಿ ಹೇಗೆ ಓಡಿತು ಅಂತ ತೋರಿಸೋ ಎಕ್ಸ್‌ಪ್ಲೇನ್ ಅನಲೈಝ್ ಹಾಕಿದ್ರೆ ಇಂಡೆಕ್ಸ್ ಸ್ಕ್ಯಾನ್ ಎದುರಿಗೆ ಆ ದೊಡ್ಡ ಸಂಖ್ಯೆ ಕಣ್ಣಿಗೇ ಕಾಣುತ್ತೆ. ಹಿಂದಿನ ಕಂತಿನ ಕೊನೇ ಐಡಿ ಇಟ್ಕೊಂಡು, ‘ವೇರ್ ಐಡಿ > ಕೊನೇ_ಐಡಿ ಆರ್ಡರ್ ಬೈ ಐಡಿ ಲಿಮಿಟ್ 1000’ ಅಂತ ಕೇಳಿ. ಮೊದಲ ಕಂತಿಗೂ ಕೊನೇ ಕಂತಿಗೂ ಹೆಚ್ಚುಕಮ್ಮಿ ಅಷ್ಟೇ ಸಮಯ ಹಿಡಿಯುತ್ತೆ.

ಎರಡನೆಯದು, ಸಾಲಿಗೊಂದು ಕಮಿಟ್. ಪ್ರತಿ ಕಮಿಟ್‌ಗೂ ವಾಲ್ (ಬದಲಾವಣೆಗಳನ್ನು ಮೊದಲೇ ಬರೆದಿಡೋ ಲಾಗ್) ಡಿಸ್ಕ್‌ಗೆ ಇಳಿಯೋವರೆಗೆ ಕಾಯಬೇಕು. ಜೊತೆಗೆ ದರ ಹುಡುಕೋಕೆ, ಅಪ್‌ಡೇಟ್‌ಗೆ, ಕಮಿಟ್‌ಗೆ ಅಂತ ಸಾಲಿಗೆ ಮೂರು ಸಲ ಸರ್ವರ್‌ಗೆ ಹೋಗಿ ಬರಬೇಕು. ಒಂದು ಸಲಕ್ಕೆ ಒಂದು ಮಿಲಿಸೆಕೆಂಡ್ ಅಂದ್ಕೊಂಡ್ರೂ 60 ಲಕ್ಷಕ್ಕೆ 5 ಗಂಟೆ ಬರೀ ಕಾಯೋದರಲ್ಲೇ ಹೋಗುತ್ತೆ. ಇದಕ್ಕೆ ರ‍್ಯಾಮ್ ಏನು ಮಾಡುತ್ತೆ ಹೇಳಿ.

ನನ್ನನ್ನು ಕೇಳಿದ್ರೆ ಸಾಲುಗಳನ್ನು ಪೈಥಾನ್‌ಗೆ ತರೋದೇ ಬೇಡ. ದರಪಟ್ಟಿಯೂ ಡೇಟಾಬೇಸ್‌ನಲ್ಲೇ ಇದೆಯಲ್ಲ, ‘ಅಪ್‌ಡೇಟ್ ... ಫ್ರಮ್ ದರಪಟ್ಟಿ’ ಅಂತ ಎರಡೂ ಟೇಬಲ್ ಜಾಯಿನ್ ಮಾಡಿ (ಹೊಂದಿಸಿ), ಐಡಿ 1ರಿಂದ 20,000, 20,001ರಿಂದ 40,000 ಹೀಗೆ ತುಂಡು ಮಾಡ್ಕೊಂಡು, ತುಂಡಿಗೊಂದು ಕಮಿಟ್ ಹಾಕಿ. ಪೈಥಾನ್‌ಗೆ ಲೂಪ್ ಓಡಿಸೋ ಕೆಲಸ ಮಾತ್ರ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್ ಸರ್. ತುಂಡು ಯಾಕೆ, ಒಂದೇ ಅಪ್‌ಡೇಟ್‌ನಲ್ಲಿ ಮುಗಿಸಬಾರದಾ?

ಉತ್ತರ:

ಮುಗಿಸಬಹುದು, ಆದರೆ ಪೋಸ್ಟ್‌ಗ್ರೆಸ್ ಹಳೇ ಸಾಲನ್ನು ಅಲ್ಲೇ ತಿದ್ದಲ್ಲ, ಹೊಸ ಪ್ರತಿ ಬರೆಯುತ್ತೆ. 60 ಲಕ್ಷವನ್ನೂ ಒಟ್ಟಿಗೆ ಮಾಡಿದ್ರೆ ಟೇಬಲ್ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ, ಮುಗಿಯೋವರೆಗೆ ವ್ಯಾಕ್ಯೂಮ್ ಅನ್ನೋ ಶುಚಿ ಕೆಲಸಕ್ಕೆ ಆ ಹಳೇ ಪ್ರತಿಗಳನ್ನು ತೆಗೆಯೋಕಾಗಲ್ಲ. ಮಧ್ಯೆ ಕರೆಂಟ್ ಹೋದ್ರೆ ಮತ್ತೆ ಮೊದಲಿಂದ. ತುಂಡು ಮಾಡಿದ್ರೂ ಆಟೋವ್ಯಾಕ್ಯೂಮ್ (ತಾನಾಗೇ ಓಡೋ ವ್ಯಾಕ್ಯೂಮ್) ಡಿಫಾಲ್ಟ್ ಆಗಿ ಟೇಬಲ್‌ನ 20% ಬದಲಾದ ಮೇಲೆ, ಅಂದ್ರೆ ನಿಮಗೆ 12 ಲಕ್ಷ ದಾಟಿದ ಮೇಲೇ ಏಳೋದು. ಅದಕ್ಕೇ ಐದಾರು ಲಕ್ಷಕ್ಕೊಮ್ಮೆ ನೀವೇ ವ್ಯಾಕ್ಯೂಮ್ ಹಾಕಿ. ‘ಮೊತ್ತ ಈಸ್ ಡಿಸ್ಟಿಂಕ್ಟ್ ಫ್ರಮ್ ಹೊಸ_ಮೊತ್ತ’ ಅನ್ನೋ ಷರತ್ತನ್ನೂ ಸೇರಿಸಿ. ಬದಲಾಗದ ಸಾಲನ್ನು ಸುಮ್ಮನೆ ಬರೆಯೋದು ತಪ್ಪುತ್ತೆ.

ಇನ್ನೊಬ್ಬರ ಉತ್ತರ:

ಮೇಲಿನದ್ದೆಲ್ಲ ಸರಿ. ಆದರೆ ಇದು ರೈತರ ದುಡ್ಡು, ವೇಗಕ್ಕಿಂತ ಮೊದಲು ಜಾಯಿನ್ ಸರಿಯಿದೆಯಾ ನೋಡಿ. ಒಂದು ಸಾಲಿಗೆ ಎರಡು ದರ ಹೊಂದಿದ್ರೆ, ಉದಾಹರಣೆಗೆ ಹಳೇ ಪಟ್ಟಿಯ ಕೊನೇ ದಿನವೂ ಹೊಸದರ ಮೊದಲ ದಿನವೂ ಒಂದೇ ಆಗಿದ್ರೆ, ಪೋಸ್ಟ್‌ಗ್ರೆಸ್ ಎರರ್ ಕೊಡಲ್ಲ. ಯಾವುದೋ ಒಂದನ್ನು ತಗೊಳ್ಳುತ್ತೆ, ಯಾವುದು ಅಂತ ಮೊದಲೇ ಹೇಳೋಕಾಗಲ್ಲ. ಯಾವ ದರವೂ ಹೊಂದದ ಸಾಲು ಸದ್ದಿಲ್ಲದೆ ಹಳೇ ಮೊತ್ತದಲ್ಲೇ ಉಳಿಯುತ್ತೆ. ಅಪ್‌ಡೇಟ್‌ಗೆ ಮುಂಚೆ ಲೆಫ್ಟ್ ಜಾಯಿನ್ (ದರ ಹೊಂದದ ಸಾಲನ್ನೂ ಉಳಿಸ್ಕೊಳ್ಳೋ ಜಾಯಿನ್) ಹಾಕಿ, ಐಡಿ ಪ್ರಕಾರ ಗ್ರೂಪ್ ಮಾಡಿ, ಹೊಂದಿದ ದರಗಳನ್ನು ಎಣಿಸಿ. ಎಣಿಕೆ ಸೊನ್ನೆ ಬಂದವು, ಒಂದಕ್ಕಿಂತ ಜಾಸ್ತಿ ಬಂದವು ಎರಡನ್ನೂ ಪಟ್ಟಿ ಮಾಡಿ ಸೊಸೈಟಿ ಕಾರ್ಯದರ್ಶಿಗಳಿಗೆ ತೋರಿಸಿ. ಅವರು ಒಪ್ಪಿದ ಮೇಲೇ ಲೂಪ್ ಓಡಿಸಿ.

ಪ್ರಶ್ನೆ ಕೇಳಿದವರು:

ಎಣಿಸಿದೆ ಸರ್. ದರ ಬದಲಾದ ದಿನಗಳ ಸಾಲುಗಳೆಲ್ಲ ಎರಡೆರಡು ಸಲ ಬರ್ತಿವೆ. ಮೊದಲು ತಾರೀಖು ಸರಿಮಾಡ್ತೀನಿ, ಅಪ್‌ಡೇಟ್ ಆಮೇಲೆ.