ಮಾಬ್ಲಣ್ಣನ ಚಾರ್ಜು

"ಇವತ್ತು ಮೂವತ್ತೆಂಟು," ಎನ್ನುತ್ತ ಮಾಬ್ಲಣ್ಣ ಜಗಲಿಯ ಕಂಬಕ್ಕೆ ಒರಗಿದ.

"ಚಾಲಿಗೋ, ರಾಶಿಗೋ?" ಸುಬ್ರಾಯನ ಕಿವಿ ನಿಮಿರಿತು. ಶಿರಸಿ ಸೀಮೆಯಲ್ಲಿ ಯಾರು ಅಂಕಿ ಹೇಳಿದರೂ ಮೊದಲು ನೆನಪಾಗುವುದು ಅಡಿಕೆ ದರ.

"ಅಡಿಕೆಯದಲ್ಲ ಮಾರಾಯ, ನನ್ನದು. ನೂರಕ್ಕೆ ಮೂವತ್ತೆಂಟು," ಎಂದು ಮಾಬ್ಲಣ್ಣ ಎಡಗೈ ಚಾಚಿದ. ಕಳೆದ ದೀಪಾವಳಿಗೆ ಬಂದಿದ್ದ ಕ್ಯಾಲಿಫೋರ್ನಿಯಾದ ಮಗ ಕಟ್ಟಿ ಹೋದ ಗಡಿಯಾರ ಅದು. ಎದೆಬಡಿತ, ನಡೆದ ಹೆಜ್ಜೆ, ಮಲಗಿದ್ದು, ಮಗ್ಗುಲು ಬದಲಿಸಿದ್ದು ಎಲ್ಲವನ್ನೂ ಕೂಡಿಸಿ ಕಳೆದು, ಮೈಯಲ್ಲಿ ಇನ್ನೆಷ್ಟು ಚಾರ್ಜು ಉಳಿದಿದೆ ಎಂದು ದಿನಾ ಬೆಳಿಗ್ಗೆ ಅಂಕ ಕೊಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲೇ ಪರೀಕ್ಷೆಗೆ ಕೈಮುಗಿದಿದ್ದ ಮಾಬ್ಲಣ್ಣನಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ದಿನಕ್ಕೊಂದು ಫಲಿತಾಂಶ.

"ಅದು ಹೇಳದಿದ್ದರೆ ನಿನಗೆ ಸುಸ್ತಾಗಿದೆ ಎಂದು ಗೊತ್ತಾಗುತ್ತಿರಲಿಲ್ಲವೇ?" ಎಂದು ಶಂಭಣ್ಣ ಕೇಳಿದ.

"ಸುಸ್ತಾಗಿದೆ ಎಂದು ಗೊತ್ತಿತ್ತು. ಮೂವತ್ತೆಂಟು ಸುಸ್ತು ಎಂದು ಗೊತ್ತಿರಲಿಲ್ಲ."

"ನಮ್ಮ ಅಪ್ಪ ಸುಸ್ತಾದರೆ ಕಂಬಳಿ ಹುಡುಕುತ್ತಿದ್ದ. ನೀನು ಕನ್ನಡಕ ಹುಡುಕುತ್ತೀಯ."

ಒಳಗಿನಿಂದ ಕಾವೇರಕ್ಕ, "ಆಸರಿಗೆ ಏನು ಮಾಡಲಿ?" ಎಂದು ಕೇಳಿದಳು. "ನನ್ನದು ಹನ್ನೆರಡಕ್ಕೆ ಇಳಿದಿದೆ ಅತ್ತಿಗೆ. ಚಾ ಕೊಟ್ಟರೆ ಇಪ್ಪತ್ತು, ಜೊತೆಗೆ ಚಕ್ಕುಲಿ ಇದ್ದರೆ ಮೂವತ್ತು. ಮನೆಗೆ ನಡೆದು ಹೋಗಲು ಇಪ್ಪತ್ತೈದಾದರೂ ಬೇಕು," ಎಂದ ಶಂಭಣ್ಣ. ಆಮೇಲೆ ಆ ಮಾತು ಅವನ ಬಾಯಿಂದ ಬಿಟ್ಟು ಹೋಗಲೇ ಇಲ್ಲ. ಕೊಟ್ಟಿಗೆಯ ಗಂಗೆಗೆ ಅರವತ್ತು. ದೇವಿಮನೆ ಘಟ್ಟ ಹತ್ತುವ ಕುಮಟೆ ಬಸ್ಸಿಗೆ ಹದಿನಾಲ್ಕು, ಅದರ ಕಂಡಕ್ಟರಿಗೆ ಮಾತ್ರ ತೊಂಬತ್ತು.

ಸುಬ್ರಾಯ ಈ ಸಂದಿಯನ್ನೇ ಕಾಯುತ್ತಿದ್ದವನು. ಚೀಲದಿಂದ ಹಸಿರು ಮುಚ್ಚಳದ ಡಬ್ಬಿ ತೆಗೆದು ಜಗಲಿಯ ನಡುವೆ ಇಟ್ಟ. "ಗಡಿಯಾರ ರೋಗ ಹೇಳುತ್ತದೆ, ಮದ್ದು ಇಲ್ಲಿದೆ. ಇಪ್ಪತ್ತೊಂದು ಗಿಡಮೂಲಿಕೆ. ದಿನಕ್ಕೆ ಎರಡು ಚಮಚ, ತಿಂಗಳಲ್ಲಿ ಓಡಾಡುವ ಹುರುಪು ಬರುತ್ತದೆ. ಎರಡು ಸಾವಿರದ ನಾಲ್ಕು ನೂರು ರೂಪಾಯಿ. ಕೆಳಗೆ ಇನ್ನು ಮೂವರನ್ನು ಸೇರಿಸಿದರೆ ನಿನಗೆ ಪುಕ್ಕಟೆ."

"ಇಪ್ಪತ್ತೊಂದು ಗಿಡಮೂಲಿಕೆ ನಮ್ಮ ಬೇಲಿಯಲ್ಲೇ ಇವೆ ತಮ್ಮಾ," ಎಂದ ಶಂಭಣ್ಣ. "ಗಂಗೆ ದಿನಾ ಮೇಯುತ್ತಾಳೆ. ಮಧ್ಯಾಹ್ನವಾದರೆ ಮಲಗಿಯೇ ಇರುತ್ತಾಳೆ. ಅದಿರಲಿ, ಇದನ್ನು ನೀನು ತೆಗೆದುಕೊಳ್ಳುತ್ತೀಯೋ?"

"ಎರಡು ವರ್ಷದಿಂದ."

"ಹಾಗಾದರೆ ಊರಿಗೆಲ್ಲ ಚೈತನ್ಯ ಹಂಚುವವನು ಮೊದಲನೆಯ ಜಗಲಿ ಹತ್ತುವಾಗಲೇ ಯಾಕೆ ಆಕಳಿಸುತ್ತೀಯ?"

"ಅದು ಬೆಳಿಗ್ಗೆ ಐದಕ್ಕೆ ಏಳುವುದರಿಂದ. ದೊಡ್ಡ ಮನುಷ್ಯರೆಲ್ಲ ಐದಕ್ಕೆ ಏಳುತ್ತಾರಂತೆ. ಯಶಸ್ಸಿನ ಗುಟ್ಟೇ ಅದು ಎಂದು ನಮ್ಮ ಮೇಲಿನವರು ಸಭೆಯಲ್ಲಿ ಹೇಳಿದರು."

"ಐದಕ್ಕೆ ಏಳುವುದರಲ್ಲಿ ಯಶಸ್ಸಿದ್ದರೆ ಹಾಲು ಕರೆಯುವವರೆಲ್ಲ ಕೋಟ್ಯಧೀಶರಾಗಬೇಕಿತ್ತು. ದೊಡ್ಡ ಮನುಷ್ಯರು ಐದಕ್ಕೆ ಏಳಬಹುದು. ಎಷ್ಟಕ್ಕೆ ಮಲಗುತ್ತಾರೆ ಎಂದು ನಿಮ್ಮ ಮೇಲಿನವರನ್ನು ಕೇಳಿದೆಯಾ?"

ಇಷ್ಟು ಹೊತ್ತು ಚಕ್ಕುಲಿಗಾಗಿ ಸುಮ್ಮನಿದ್ದ ಮಾಸ್ತರು ಈಗ ಬಾಯಿ ಬಿಟ್ಟರು. ನಿವೃತ್ತರಾಗಿದ್ದರೂ ಯಾರಾದರೂ ತಪ್ಪು ಹೇಳಿದರೆ ಅವರ ಕೈ ತಾನಾಗಿಯೇ ಸೀಮೆಸುಣ್ಣ ಹುಡುಕುತ್ತದೆ. "ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಇನ್ನು ಮಧ್ಯಾಹ್ನದ ಜೊಂಪಿಗೆ ಎಲ್ಲರೂ ಊಟವನ್ನು ಬೈಯುತ್ತಾರೆ. ಊಟ ಮಾಡದವನಿಗೂ ಒಂದರಿಂದ ಮೂರರ ಹೊತ್ತಿಗೆ ಮಂಪರು ಬರುತ್ತದೆ. ಅದು ಮೈಯೊಳಗಿನ ಗಡಿಯಾರದ ಕೆಲಸ. ಅನ್ನ ಹೆಚ್ಚಾದರೆ ಮಂಪರೂ ಹೆಚ್ಚು, ಅಷ್ಟೇ."

"ಅನ್ನದ ಮೇಲೆ ಅಪ್ಪೆಹುಳಿ ಕುಡಿದರೆ?" ಎಂದ ಶಂಭಣ್ಣ.

ಮಾಸ್ತರು ತಡವರಿಸಿದರು. ಏಪ್ರಿಲ್ ತಿಂಗಳು. ಎಲ್ಲರ ಮನೆಯಲ್ಲೂ ಅಪ್ಪೆಮಿಡಿ ಬೆಂದು, ಕಿವುಚಿ, ಇಂಗು ಮೆಣಸಿನ ಒಗ್ಗರಣೆ ಬಿದ್ದಿರುವ ಕಾಲ. ಊಟದ ಕೊನೆಗೆ ಲೋಟದಲ್ಲಿ ಎರಡು ಸಲ ಹಾಕಿಸಿಕೊಂಡು ಕುಡಿದವನು ಕೈತೊಳೆದು ಬರುವಷ್ಟರಲ್ಲಿ ಕಣ್ಣೆಳೆಯುತ್ತದೆ ಎಂಬುದು ಈ ಸೀಮೆಯಲ್ಲಿ ವಾದಕ್ಕೆ ನಿಲ್ಲುವ ವಿಷಯವೇ ಅಲ್ಲ.

"ಆ ಹೊತ್ತಿಗೆ ಇಪ್ಪತ್ತು ನಿಮಿಷ ಮಲಗಿ ಎದ್ದರೆ ಒಳ್ಳೆಯದು," ಎಂದು ಮಾಸ್ತರು ಹೇಗೋ ದಡ ಸೇರಿದರು. "ತಾಸುಗಟ್ಟಲೆ ಮಲಗಿದರೆ ಗಾಢ ನಿದ್ದೆಗೆ ಇಳಿಯುತ್ತೇವೆ. ಅಲ್ಲಿಂದ ಎದ್ದರೆ ತಲೆ ಭಾರ, ರಾತ್ರಿಯ ನಿದ್ದೆಗೂ ಕುತ್ತು."

"ಇಪ್ಪತ್ತು ನಿಮಿಷವೇ? ಅಷ್ಟು ನನಗೆ ಚಾಪೆಯ ಮೇಲೆ ಸರಿಯಾದ ಜಾಗ ಹುಡುಕುವುದಕ್ಕೇ ಬೇಕು. ಅದು ಹೋಗಲಿ ಮಾಸ್ತರೇ, ನೀವು ಏಳು ಗಂಟೆ ಮಲಗುತ್ತೀರಿ. ಹಾಗಿದ್ದೂ ಬಸ್ಸಿನಲ್ಲಿ ಕುಳಿತಲ್ಲೇ ತೂಕಡಿಸಿ ಪಕ್ಕದವರ ಹೆಗಲಿಗೆ ಬೀಳುತ್ತೀರಲ್ಲ, ಯಾಕೆ?"

"ನಾನು ತೂಕಡಿಸುವುದಿಲ್ಲ. ಯೋಚಿಸುತ್ತೇನೆ."

"ನೀವು ಯೋಚಿಸುವ ಸದ್ದು ಕೊನೆಯ ಸೀಟಿಗೂ ಕೇಳುತ್ತದೆ. ಮನೆಯಲ್ಲಿ ಅತ್ತಿಗೆ ಆ ಯೋಚನೆ ತಾಳಲಾರದೆ ಮೆತ್ತಿಗೆ ಹೋಗಿ ಮಲಗುತ್ತಾಳಂತೆ. ನಡುನಡುವೆ ಸದ್ದು ಪೂರ್ತಿ ನಿಂತು, ಆಮೇಲೆ ಗಕ್ಕನೆ ಏದುಸಿರು ಬರುತ್ತದೆ ಎಂದು ಅವಳೇ ಹೇಳಿದಳು. ಅದು ಗೊರಕೆಯಷ್ಟೇ ಅಲ್ಲ. ಗಂಟಲಿನ ಸ್ನಾಯು ಸಡಿಲಾಗಿ ಉಸಿರಿನ ದಾರಿ ಮುಚ್ಚಿಹೋಗುವ ಕಾಯಿಲೆ ಇರಬಹುದು. ಮಿದುಳು ಗಾಬರಿಯಾಗಿ ಪ್ರತಿ ಸಲವೂ ಎಬ್ಬಿಸುತ್ತದೆ, ನಿಮಗೆ ನೆನಪಿರುವುದಿಲ್ಲ. ಏಳು ಗಂಟೆ ಮಲಗಿದ ಲೆಕ್ಕ ಸರಿ, ನಿದ್ದೆ ಮಾತ್ರ ಜಮೆಯಾಗುವುದಿಲ್ಲ. ರಕ್ತದೊತ್ತಡವೂ ಏರುತ್ತದೆ. ಡಾಕ್ಟರರಿಗೆ ತೋರಿಸಿ ಎಂದು ಎಷ್ಟು ಸಲ ಹೇಳಬೇಕು?"

"ತೋರಿಸಿದರೆ ಮೂಗಿಗೆ ಕೊಳವೆ ಹಚ್ಚಿ ಮಲಗು ಎನ್ನುತ್ತಾರೆ."

"ಹಚ್ಚಿಕೊಳ್ಳಿ. ಹೇಗೂ ನಿಮ್ಮ ಹೆಸರು ಗಣಪತಿ. ಸೊಂಡಿಲೊಂದು ಕಡಿಮೆ ಇತ್ತು, ಇಡಗುಂಜಿ ಗಣಪನವರೆಗೆ ಹೋಗುವ ಕೆಲಸ ಅತ್ತಿಗೆಗೆ ತಪ್ಪುತ್ತದೆ."

ಕಾವೇರಕ್ಕ ಚಾ ತಂದಳು. ಅವಳಿಗೂ ಈ ಚರ್ಚೆಯಲ್ಲಿ ಹೇಳಲು ಇತ್ತು. "ನಾನು ಒಂದು ವರ್ಷ ನೆಲ ಒರೆಸುವಾಗ ಅರ್ಧಕ್ಕೇ ಕುಳಿತುಬಿಡುತ್ತಿದ್ದೆ. ಸೆಖೆಯಲ್ಲೂ ಶಾಲು ಬೇಕಾಗುತ್ತಿತ್ತು, ಕೂದಲು ಹಿಡಿ ಹಿಡಿ ಬರುತ್ತಿತ್ತು. ಎಲ್ಲರೂ ವಯಸ್ಸು ವಯಸ್ಸು ಎಂದಿರಿ. ಸುಬ್ರಾಯ ಎರಡು ಡಬ್ಬಿ ಕೊಟ್ಟ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಕಡಿಮೆ. ಈಗ ಬರಿಹೊಟ್ಟೆಗೆ ಒಂದು ಸಣ್ಣ ಮಾತ್ರೆ. ಆಮೇಲೆ ಅರ್ಧ ಗಂಟೆ ಚಾ ಕುಡಿಯಬಾರದು, ಅದೊಂದೇ ಕಷ್ಟ."

"ಕೇಳಿದೆಯಾ ಸುಬ್ರಾಯ? ಆ ಮಾತ್ರೆಗೆ ಏಜೆಂಟರಿಲ್ಲ, ಸಭೆಯಿಲ್ಲ, ಕೆಳಗೆ ಮೂವರನ್ನು ಸೇರಿಸಬೇಕಾಗಿಲ್ಲ. ಅದಕ್ಕೇ ಅದರ ಸುದ್ದಿ ಯಾರ ಜಗಲಿಗೂ ಬರುವುದಿಲ್ಲ."

"ರಕ್ತಹೀನತೆಯದೂ ಅದೇ ಕತೆ," ಎಂದು ಮಾಸ್ತರು ಪಾಠ ಮುಂದುವರಿಸಿದರು, ತಮ್ಮ ಗೊರಕೆಯಿಂದ ಮಾತು ದೂರ ಹೋದಷ್ಟೂ ಅವರಿಗೆ ಹಿತ. "2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆ. ಊಟದ ಜೊತೆಗೇ ಚಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದೂ ಕಡಿಮೆ. ನಮ್ಮಂಥ ಸಸ್ಯಾಹಾರಿಗಳಿಗೆ ಬಿ12 ಕೊರತೆ ಬೇರೆ. ಸೊಪ್ಪು ತರಕಾರಿಯಲ್ಲಿ ಅದು ಇರುವುದಿಲ್ಲ."

"ತಂಬುಳಿಯಲ್ಲಿ?"

"ಒಂದೆಲಗದಲ್ಲಿ ಇಲ್ಲ. ಮಜ್ಜಿಗೆಯಲ್ಲಿ ಸ್ವಲ್ಪ ಇದೆ. ವಯಸ್ಸಾದ ಹೊಟ್ಟೆ ಅದನ್ನೂ ಸರಿಯಾಗಿ ಹೀರಿಕೊಳ್ಳುವುದಿಲ್ಲ."

ಶಂಭಣ್ಣ ಕವಳದ ಬಟ್ಟಲು ಹತ್ತಿರ ಎಳೆದುಕೊಂಡ. "ತಮಾಷೆ ನೋಡಿ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರೊಳಗಿನ ಅರೆಕೊಲಿನ್ ಮೈಯನ್ನು ಚುರುಕು ಮಾಡುತ್ತದೆ ಎಂದು ವಿಜ್ಞಾನವೇ ಹೇಳುತ್ತದೆ. ನಾವು ಆ ಚುರುಕನ್ನು ಚೀಲದಲ್ಲಿ ತುಂಬಿ ಲಾರಿಗೆ ಹೇರಿ ಉತ್ತರ ದೇಶಕ್ಕೆ ಕಳಿಸುತ್ತೇವೆ. ಬಂದ ಹಣದಲ್ಲಿ ಸುಬ್ರಾಯನ ಡಬ್ಬಿ ಕೊಳ್ಳುತ್ತೇವೆ."

"ಅದೇ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದು ಹೇಳಿದ್ದು 2004ರಲ್ಲಿ," ಎಂದರು ಮಾಸ್ತರು.

ಜಗಲಿಯಲ್ಲಿ ಒಂದು ಗಳಿಗೆ ಯಾರೂ ಮಾತನಾಡಲಿಲ್ಲ. ಅಡಿಕೆ ಬೆಳೆಯುವವರ ಜಗಲಿಯಲ್ಲಿ ಆಡಬಾರದ ಮಾತು ಅದು, ಸುಳ್ಳೂ ಅಲ್ಲ. ಶಂಭಣ್ಣ ಎತ್ತಿದ್ದ ಹೋಳನ್ನು ನೋಡಿದ, ಬಟ್ಟಲಿಗೆ ಹಾಕಿದ, ಬರಿ ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು ಮುಖ ಕಿವುಚಿದ. "ಈಗ ಎಂಟಕ್ಕೆ ಇಳಿಯಿತು," ಎಂದ.

"ನಿಮ್ಮೆಲ್ಲರದೂ ಸರಿ, ನನ್ನ ಮೂವತ್ತೆಂಟರ ಗತಿ?" ಎಂದ ಮಾಬ್ಲಣ್ಣ. "ರಕ್ತ, ಸಕ್ಕರೆ, ಥೈರಾಯ್ಡ್ ಎಲ್ಲ ತೋರಿಸಿ ಆಯಿತು. ಎಲ್ಲವೂ ಸರಿ ಇದೆಯಂತೆ. ಹಗಲೆಲ್ಲ ತೋಟದ ಸಂಕ ದಾಟುವಾಗಲೂ ಕಣ್ಣೆಳೆಯುತ್ತದೆ."

"ರಾತ್ರಿ ಹತ್ತಕ್ಕೆ ಕಾಫಿ ಕುಡಿಯುವುದನ್ನು ಡಾಕ್ಟರರಿಗೆ ಹೇಳಿದರೇ ಇವರು? ಕೇಳಿ," ಎಂದಳು ಕಾವೇರಕ್ಕ.

ಮಾಸ್ತರು ನೆಟ್ಟಗಾದರು. "ಹತ್ತಕ್ಕೋ! ಮೈಯಿಂದ ಅರ್ಧ ಕೆಫೀನ್ ಹೊರಹೋಗಲು ಸುಮಾರು ಐದು ತಾಸು ಬೇಕು. ಬೆಳಗಿನ ಮೂರಕ್ಕೂ ಅರ್ಧ ಲೋಟ ಕಾಫಿ ಒಳಗೇ ಓಡಾಡುತ್ತಿರುತ್ತದೆ. ಅಷ್ಟು ಹೊತ್ತಿಗೆ ಯಾಕೆ ಕುಡಿಯುತ್ತೀ?"

ಮಾಬ್ಲಣ್ಣ ಗಡಿಯಾರದ ಪಟ್ಟಿಯನ್ನು ಒಂದು ತೂತು ಸಡಿಲಿಸಿ ಮತ್ತೆ ಅದೇ ತೂತಿಗೆ ಹಾಕಿದ. ಉತ್ತರ ಕೊಟ್ಟದ್ದು ಕಾವೇರಕ್ಕ.

"ಹನ್ನೆರಡೂವರೆಯವರೆಗೆ ಎಚ್ಚರ ಇರಬೇಕಲ್ಲ. ಆಗ ಅಲ್ಲಿ ಮಧ್ಯಾಹ್ನ ಹನ್ನೆರಡು, ಮಗನಿಗೆ ಊಟದ ಬಿಡುವು. ಮೊದಲೆಲ್ಲ ಭಾನುವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ, ಆಮೇಲೆ ಅದೂ ತಪ್ಪುತ್ತ ಬಂತು. ಈ ಗಡಿಯಾರ ಕಟ್ಟಿದ ಮೇಲೆ ಇವರ ಅಂಕ ಅವನ ಮೊಬೈಲಿಗೂ ಹೋಗುತ್ತದೆ. ಎಂಬತ್ತು ಬಂದರೆ ಹೆಬ್ಬೆರಳಿನ ಚಿತ್ರ ಕಳಿಸುತ್ತಾನೆ. ನಲವತ್ತಕ್ಕಿಂತ ಇಳಿದರೆ ಫೋನ್ ಮಾಡುತ್ತಾನೆ."

"ಫೋನ್ ಮಾಡಿ?"

"ಅಪ್ಪಾ, ಯಾಕೆ ಇಷ್ಟು ಹೊತ್ತಾದರೂ ಮಲಗಿಲ್ಲ, ಆರೋಗ್ಯ ನೋಡಿಕೊಳ್ಳಬಾರದೇ ಎಂದು ಅರ್ಧ ಗಂಟೆ ಬೈಯುತ್ತಾನೆ."

ನಗಬೇಕೋ ಬೇಡವೋ ಎಂದು ಎಲ್ಲರೂ ಶಂಭಣ್ಣನ ಮುಖ ನೋಡಿದರು. ಅಂಕಗಳ ಮೇಲೆ ಅಷ್ಟೆಲ್ಲ ಹರಿಹಾಯ್ದವನ ಬಾಯಲ್ಲಿ ಆ ಹೊತ್ತಿಗೆ ಒಂದು ಅಂಕಿಯೂ ಇರಲಿಲ್ಲ. ಅವನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಅಲ್ಲಿಗೂ ಇಲ್ಲಿಗೂ ಒಂದೇ ಸಮಯ, ಬಿಡುವಿಲ್ಲ ಎನ್ನುವುದಕ್ಕೆ ಅವರಿಗೆ ಆ ನೆಪವೂ ಇಲ್ಲ.

"ಮೊದಲು ಕೊಯ್ಲಿನ ಕಾಲಕ್ಕೆ ಇದೇ ಜಗಲಿಯಲ್ಲಿ ಅಡಿಕೆ ಸುಲಿಯಲು ಊರೇ ಕೂರುತ್ತಿತ್ತು," ಎಂದ ಮಾಬ್ಲಣ್ಣ ಯಾರಿಗೂ ಅಲ್ಲದಂತೆ. "ಹನ್ನೆರಡು ಹೊಡೆದರೂ ನಿದ್ದೆ ಬರುತ್ತಿರಲಿಲ್ಲ. ಯಕ್ಷಗಾನದ ಆಟ ನೋಡಿ ಮಂಗಳದವರೆಗೆ ಕುಳಿತು, ನೇರ ತೋಟಕ್ಕೆ ಹೋದದ್ದಿದೆ. ಸುಸ್ತು ಎಂದರೆ ಬೈಯುವವರು ಪಕ್ಕದಲ್ಲೇ ಇದ್ದರು."

"ಈಗ ಸುಲಿಯುವುದಕ್ಕೆ ಯಂತ್ರ, ಆಟಕ್ಕೆ ಕಾಲಮಿತಿ, ಬೈಗುಳಕ್ಕೆ ಉಪಗ್ರಹ," ಎಂದು ಶಂಭಣ್ಣ ಗಂಟಲು ಸರಿಮಾಡಿಕೊಂಡ. "ಆದರೂ ಹೀಗೆ ನಿದ್ದೆಗೆಟ್ಟರೆ ನೀನು ಉಳಿಯುವುದಿಲ್ಲ ಮಾರಾಯ. ನೀನು ಮಲಗಬೇಕು, ಅಂಕ ಇಳಿಯಬೇಕು. ಸುಬ್ರಾಯ, ಶನಿವಾರ ದೇವಸ್ಥಾನದ ಬಯಲಿನಲ್ಲಿ ಬೆಳತನಕದ ಆಟ ಇದೆಯಲ್ಲ. ನಿನಗೆ ಯಾವ ವೇಷ?"

"ರಾಕ್ಷಸ. ಪ್ರವೇಶ ಹನ್ನೆರಡಕ್ಕೆ, ವಧೆ ಮೂರೂಕಾಲಿಗೆ."

"ಗಡಿಯಾರ ಕೈಕಟ್ಟಿನೊಳಗೆ ಮುಚ್ಚಿಹೋಗುತ್ತದೆಯೋ?"

ಶನಿವಾರ ರಾತ್ರಿ ಮಾಬ್ಲಣ್ಣ ಬರಿಗೈಯಲ್ಲಿ ಒಂಬತ್ತಕ್ಕೇ ಮಲಗಿದ. ಕಾಫಿ ಇಲ್ಲ. ರಾಕ್ಷಸನಂತೂ ಹಿಂದೆಂದೂ ಕುಣಿಯದಷ್ಟು ಕುಣಿದ. ಪುಡಿಯ ಪ್ರಭಾವ ಎಂದು ಅವನ ವಾದ, ಮಾಬ್ಲಣ್ಣನ ಮಾನದ ಪ್ರಶ್ನೆ ಎಂದು ಶಂಭಣ್ಣನ ವಾದ. ಬೆಳಿಗ್ಗೆ ಅರ್ಧ ಬಣ್ಣ ಅಳಿಸಿಕೊಂಡು ಬಂದ ಸುಬ್ರಾಯ ಗಡಿಯಾರ ಬಿಚ್ಚಿ ಯಜಮಾನನ ಕೈಗೆ ಕಟ್ಟಿ, ಅಲ್ಲೇ ಜಗಲಿಯಲ್ಲಿ ಉರುಳಿಕೊಂಡ. ಅಂಕ ಆರು.

ಈ ಸಲ ಮಗ ಊಟದ ಬಿಡುವಿಗೆ ಕಾಯಲಿಲ್ಲ. ಏಳೂವರೆಗೇ ಫೋನ್ ಹೊಡೆದುಕೊಂಡಿತು. ಅಲ್ಲಿ ಸಂಜೆ, ಸೊಸೆಯೂ ಇದ್ದಳು, ಮೊಮ್ಮಗಳು ಪರದೆಗೇ ಮೂಗು ಒತ್ತಿಕೊಂಡು ಕುಳಿತಿದ್ದಳು. ಹತ್ತು ತಾಸು ಮಲಗಿ ಎದ್ದ ಮಾಬ್ಲಣ್ಣನ ಮುಖ ಕೆಂಪಗೆ ಹೊಳೆಯುತ್ತಿತ್ತು.

"ಅಪ್ಪಾ, ಇದೇನು! ರಾತ್ರಿ ಹನ್ನೆರಡರಿಂದ ಮೂರರವರೆಗೆ ಎದೆಬಡಿತ ನೂರೈವತ್ತರ ಮೇಲೆ. ಹನ್ನೊಂದು ಸಾವಿರ ಹೆಜ್ಜೆ! ಎಲ್ಲಿದ್ದೆ?"

ಮಾಬ್ಲಣ್ಣ ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ಶಂಭಣ್ಣನ ಕಡೆ ನೋಡಿದ. ಶಂಭಣ್ಣ ಮಾಡು ನೋಡುತ್ತಿದ್ದ.

"ಯುದ್ಧದಲ್ಲಿದ್ದೆ."

"ಮೂರೂಕಾಲಕ್ಕೆ ಒಮ್ಮೆಲೇ ಎಲ್ಲ ತಣ್ಣಗಾಗಿದೆಯಲ್ಲ, ಆಗ ಮಲಗಿದೆಯಾ?"

"ಇಲ್ಲ," ಎಂದ ಮಾಬ್ಲಣ್ಣ. "ಆಗ ಸತ್ತೆ."