ಎಲ್‌ಜಿಬಿಟಿ ಯುವಜನರಿಗೆ ಏನು ಬೇಕು: ಫಾರಂ ಕಳಿಸುವ ಮೊದಲು

ಪ್ರಶ್ನೆ (ಯುವಕೇಂದ್ರದ ಸಂಯೋಜಕಿ, ಧಾರವಾಡ):
ಎಲ್ಲರಿಗೂ ನಮಸ್ಕಾರ. ನಮ್ಮ ಕೇಂದ್ರಕ್ಕೆ 16ರಿಂದ 24 ವಯಸ್ಸಿನವರು ಬರ್ತಾರೆ. ಆಪ್ತಸಮಾಲೋಚನೆ, ಕೆಲಸದ ಮಾಹಿತಿ, ಆರೋಗ್ಯ ಸಲಹೆ ಕೊಡ್ತೀವಿ. ಎಲ್‌ಜಿಬಿಟಿ ಹುಡುಗ-ಹುಡುಗಿಯರಿಗೆ ನಾವು ಎಲ್ಲಿ ಕಡಿಮೆ ಬೀಳ್ತಿದ್ದೀವಿ ಅಂತ ತಿಳ್ಕೊಂಡು ಸರಿಪಡಿಸಬೇಕು. 40 ಪ್ರಶ್ನೆಗಳ ಗೂಗಲ್ ಫಾರಂ ರೆಡಿ ಇದೆ, ಖಿನ್ನತೆ ಅಳೆಯೋ ಪಿಎಚ್‌ಕ್ಯೂ-9 ಕೂಡ ಸೇರಿಸಿದೀವಿ. ಕಾಲೇಜು ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಬಹುದಾ?

ಉತ್ತರ (ಮನೋವೈದ್ಯಕೀಯ ಸಮಾಜಕಾರ್ಯಕರ್ತ):
ಮೇಡಂ, ದಯವಿಟ್ಟು ಹಾಗೇ ಹಾಕಬೇಡಿ. ಮೊದಲು ಪಿಎಚ್‌ಕ್ಯೂ-9 ತೆಗೆಯಿರಿ. ಅದರ 9ನೇ ಪ್ರಶ್ನೆ ಕಳೆದ 2 ವಾರಗಳಲ್ಲಿ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂದು ಕೇಳುತ್ತದೆ. ಹೆಸರಿಲ್ಲದ ಫಾರಂನಲ್ಲಿ ಯಾರೋ ಮಧ್ಯರಾತ್ರಿ 'ಹೌದು, ದಿನವೂ' ಎಂದು ಗುರುತು ಹಾಕಿದರೆ ಅವರನ್ನು ಎಲ್ಲಿ ಹುಡುಕುತ್ತೀರಿ? ಆ ಪ್ರಶ್ನೆ ಎದುರು ಕೂತು ಕೇಳುವಂಥದ್ದು. ಒಟ್ಟು ಅಂಕ ಎಷ್ಟೇ ಇರಲಿ, 9ನೆಯದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಅದೇ ದಿನ ಮಾತಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಫಾರಂನ ಪ್ರತಿ ಪುಟದಲ್ಲೂ ಹಾಕಿ.

ಲೈಂಗಿಕ ಅನುಭವದ ಪ್ರಶ್ನೆಗಳಿದ್ದರೆ ಅವೂ ಬೇಡ. 18 ತುಂಬದವರ ವಿಷಯದಲ್ಲಿ ಪೋಕ್ಸೋ ಕಾಯ್ದೆ 2012 (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾನೂನು) ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೊತ್ತಾದವರು ದೂರು ಕೊಡಲೇಬೇಕು ಎಂದು 19ನೇ ಸೆಕ್ಷನ್ ಹೇಳುತ್ತದೆ. ಸೇವೆ ಸುಧಾರಿಸಲು ಆ ಮಾಹಿತಿ ಬೇಕಾಗಿಯೂ ಇಲ್ಲ. ಸಂದರ್ಶನ ಮಾಡುವುದಾದರೆ ಯಾವ ಮಾತು ಗುಟ್ಟಾಗಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಬಾಯಿ ಬಿಡಿಸುವ ಮೊದಲೇ ಹೇಳಿ. ಹೇಳಿಸಿಕೊಂಡ ಮೇಲೆ ಹೇಳಿದರೆ ಅದು ಮೋಸ.

ಇನ್ನು ಫಾರಂ. 'ಒಬ್ಬರಿಗೆ ಒಂದೇ ಉತ್ತರ' ಎಂಬ ಸೆಟ್ಟಿಂಗ್ ಹಾಕಿದರೆ ಗೂಗಲ್ ಲಾಗಿನ್ ಕೇಳುತ್ತದೆ. ಮೇಲೆ ತಮ್ಮ ಇಮೇಲ್ ಕಾಣಿಸಿದ ಕೂಡಲೇ ಹಲವರು ಮುಚ್ಚಿಬಿಡುತ್ತಾರೆ. ಲಾಗಿನ್ ಆಗಿರುವವರ ಅರೆಬರೆ ಉತ್ತರ 30 ದಿನ ತಾನಾಗಿ ಉಳಿದಿರುತ್ತದೆ. ಅಣ್ಣನ ಜೊತೆ ಒಂದೇ ಫೋನ್ ಬಳಸುವ ಹುಡುಗಿಗೆ ಇಷ್ಟು ಸಾಕು ಮನೆಯಲ್ಲಿ ರಂಪವಾಗಲು. ಎರಡನ್ನೂ ಆಫ್ ಮಾಡಿ, ಇಮೇಲ್ ಸಂಗ್ರಹವನ್ನೂ. ಶೀರ್ಷಿಕೆ 'ಯುವಜನ ಸೇವಾ ಸಮೀಕ್ಷೆ' ಎಂದಿದ್ದರೆ ಸಾಕು.

40 ಪ್ರಶ್ನೆ ಜಾಸ್ತಿಯಾಯಿತು, 12ರಿಂದ 15ಕ್ಕೆ ಇಳಿಸಿ. ಪ್ರತಿ ಪ್ರಶ್ನೆಯ ಪಕ್ಕ 'ಉತ್ತರ ಹೀಗೆ ಬಂದರೆ ನಾವು ಏನು ಬದಲಿಸುತ್ತೇವೆ' ಎಂದು ಬರೆದು ನೋಡಿ, ಬರೆಯಲಾಗದ್ದನ್ನು ಹೊಡೆದುಹಾಕಿ. 'ಕೌನ್ಸೆಲಿಂಗ್ ಬೇಕೆ?' ಎಂದರೆ ಎಲ್ಲರೂ ಹೌದು ಎನ್ನುತ್ತಾರೆ, ಅದರಿಂದ ಏನೂ ತಿಳಿಯದು. 'ಕಳೆದ 6 ತಿಂಗಳಲ್ಲಿ ಸಹಾಯ ಬೇಕೆನಿಸಿದಾಗ ಎಲ್ಲಿಗೆ ಹೋದಿರಿ? ಹೋಗದಿದ್ದರೆ ತಡೆದದ್ದೇನು?' ಎಂದು ಕೇಳಿ. ಆಯ್ಕೆಗಳು ನೆಲದ ಮೇಲಿನವಾಗಿರಲಿ: ಬಸ್ ಚಾರ್ಜು, ಸಮಯ, ರಿಜಿಸ್ಟರ್‌ನಲ್ಲಿ ಹೆಸರು, ಮುಂದಿನ ಮೇಜಿನಲ್ಲಿ ಪರಿಚಯದವರು, ಶೌಚಾಲಯ, ಮನೆಗೆ ತಿಳಿಸುತ್ತಾರೆಂಬ ಭಯ.

ಹುಟ್ಟಿದಾಗ ಬರೆಸಿದ ಲಿಂಗ, ಈಗ ತಮ್ಮನ್ನು ಏನೆಂದು ಗುರುತಿಸಿಕೊಳ್ಳುತ್ತಾರೆ, ಯಾರತ್ತ ಆಕರ್ಷಣೆ, ಇವು ಮೂರು ಬೇರೆ ಪ್ರಶ್ನೆಗಳು. ಒಂದೇ ಪಟ್ಟಿಗೆ ತುರುಕಿದರೆ ಟ್ರಾನ್ಸ್ ಹುಡುಗನೊಬ್ಬ (ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದರೂ ತನ್ನನ್ನು ಹುಡುಗನೆಂದು ಗುರುತಿಸಿಕೊಳ್ಳುವವನು) ಹುಡುಗರತ್ತ ಆಕರ್ಷಿತನಾದ ಗೇ ಕೂಡ ಆಗಿರಬಹುದೆಂಬುದು ಕಾಣದೇ ಹೋಗುತ್ತದೆ. ಮೂರಕ್ಕೂ 'ಇನ್ನೂ ಗೊತ್ತಿಲ್ಲ', 'ಹೇಳಲು ಇಷ್ಟವಿಲ್ಲ' ಇರಲಿ. ನಿಮ್ಮ ಕಡೆ ಯಲ್ಲಮ್ಮನಿಗೆ ಮುಡಿಪಾದ, ಜೋಗಪ್ಪ ಎಂದು ಗುರುತಿಸಿಕೊಳ್ಳುವವರೂ ಇದ್ದಾರೆ, ಅದನ್ನೂ ಸೇರಿಸಿ.

ಮರುಪ್ರಶ್ನೆ (ಸಂಯೋಜಕಿ):
ತುಂಬಾ ಧನ್ಯವಾದ ಸರ್. 16-17ರವರಿಗೆ ಅಪ್ಪ-ಅಮ್ಮನ ಒಪ್ಪಿಗೆ ಬೇಕಲ್ಲ? ಮತ್ತೆ ಎಷ್ಟು ಜನರನ್ನ ಕೇಳಿದರೆ ಸಾಕು?

ಉತ್ತರ (ಸಮುದಾಯ ಆರೋಗ್ಯ ಸಂಶೋಧಕಿ):
ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಅಪ್ರಾಪ್ತರ ಸಂಶೋಧನೆಗೆ ಪಾಲಕರ ಒಪ್ಪಿಗೆಯೂ ಮಕ್ಕಳ ಸಮ್ಮತಿಯೂ ಬೇಕು. ಆದರೆ ಇಲ್ಲಿ ಆ ಒಪ್ಪಿಗೆ ಪತ್ರವೇ ಮಗುವಿನ ಗುಟ್ಟನ್ನು ಮನೆಗೆ ಮುಟ್ಟಿಸುತ್ತದೆ. ಆದ್ದರಿಂದ ಮೊದಲ ಸುತ್ತಿಗೆ 18 ದಾಟಿದವರು ಸಾಕು. 18-20ರವರನ್ನು 'ನಿಮಗೆ 16 ಇದ್ದಾಗ ಏನು ಸಿಗಬೇಕಿತ್ತು' ಎಂದು ಕೇಳಿ. ಕಿರಿಯರನ್ನು ಸೇರಿಸಲೇಬೇಕೆಂದರೆ ಸಂಶೋಧನೆಯ ನೈತಿಕತೆ ಪರಿಶೀಲಿಸುವ ಎಥಿಕ್ಸ್ ಕಮಿಟಿಯ ಮುಂದಿಡಿ.

ಸಂಖ್ಯೆಯ ಮಾತು. ಎಲ್‌ಜಿಬಿಟಿ ಯುವಜನರ ಪಟ್ಟಿ ಎಲ್ಲೂ ಇಲ್ಲ, ಹಾಗಾಗಿ 'ಶೇಕಡಾ ಇಷ್ಟು' ಎಂದು ಬರೆಯಲು ಹೋಗಬೇಡಿ. 15-20 ಸಂದರ್ಶನ, 5-6 ಜನರ ಮೂರು ಗುಂಪುಚರ್ಚೆ ಮಾಡಿದರೆ ತೊಡಕುಗಳು ಮರುಕಳಿಸತೊಡಗುತ್ತವೆ. ಬೇರೆ ಬೇರೆ ಹಿನ್ನೆಲೆಯ ಐದಾರು ಜನರಿಂದ ಶುರುಮಾಡಿ, ಒಬ್ಬೊಬ್ಬರಿಗೆ ಮೂರೇ ಆಹ್ವಾನದ ಚೀಟಿ ಕೊಡಿ, ಅವರು ಇತರರನ್ನು ಕರೆತರಲಿ. ಮಿತಿ ಇಲ್ಲದಿದ್ದರೆ ಒಬ್ಬರ ಗೆಳೆಯರ ಬಳಗವೇ ಇಡೀ ಸಮೀಕ್ಷೆಯಾಗುತ್ತದೆ. ಇಲ್ಲಿನ ಬಹಳಷ್ಟು ಜಾಲಗಳು ಎಚ್‌ಐವಿ ಯೋಜನೆಗಳ ಸುತ್ತ ಬೆಳೆದವು, ಅಲ್ಲಿ ಸಿಗುವವರು ಹೆಚ್ಚಾಗಿ ಗೇ ಹುಡುಗರು, ಟ್ರಾನ್ಸ್ ಮಹಿಳೆಯರು. ಲೆಸ್ಬಿಯನ್, ದ್ವಿಲಿಂಗಾಕರ್ಷಣೆಯ ಹುಡುಗಿಯರು, ಟ್ರಾನ್ಸ್ ಪುರುಷರು ತಪ್ಪಿಹೋಗುತ್ತಾರೆ, ಅವರಿಗೇ ಒಂದು ಗುಂಪು ಮೀಸಲಿಡಿ. ಹಗಲಿನಲ್ಲೇ ಇಟ್ಟುಕೊಳ್ಳಿ, ಸಂಜೆ ಆರರ ಮೇಲೆ ಮನೆಯಿಂದ ಬಿಡುವುದಿಲ್ಲ. ಬಸ್ ಚಾರ್ಜು ಕೈಗೇ ಕೊಡಿ, ಸಹಿ ಹಾಕಿಸುವಾಗ ಹೆಸರಿನ ಬದಲು ಸಂಕೇತ ಸಂಖ್ಯೆ ಸಾಕೇ ಎಂದು ನಿಮ್ಮ ಲೆಕ್ಕದವರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು: ನೀವು ಕಳಿಸುವ ಡಾಕ್ಟರುಗಳ ಪಟ್ಟಿಯನ್ನು ಫೋನ್ ಮಾಡಿ ಪರೀಕ್ಷಿಸಿ. ಯಾರತ್ತ ಆಕರ್ಷಣೆ, ಲಿಂಗದ ಗುರುತು ಇವನ್ನು ಬದಲಿಸಿ 'ಸರಿಮಾಡುತ್ತೇನೆ' ಎನ್ನುವವರ ಹೆಸರು ತೆಗೆಯಿರಿ. ಅಂಥ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮರುಪ್ರಶ್ನೆ (ಸಂಯೋಜಕಿ):
ವರದಿ ಕಾಲೇಜುಗಳಿಗೆ ಕೊಡಬಹುದಾ?

ಉತ್ತರ (ಸಮುದಾಯ ಆರೋಗ್ಯ ಸಂಶೋಧಕಿ):
ಕೊಡಿ, ಆದರೆ 5ಕ್ಕಿಂತ ಕಡಿಮೆ ಜನರಿರುವ ಯಾವ ಅಂಕಿಯನ್ನೂ ಬಿಡಿಸಿ ತೋರಿಸಬೇಡಿ. 'ಪಾಲಿಟೆಕ್ನಿಕ್, 2ನೇ ವರ್ಷ, ಟ್ರಾನ್ಸ್ ಪುರುಷ: 1' ಎಂದರೆ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಅವರ ಮಾತನ್ನು ಉಲ್ಲೇಖಿಸುವುದಾದರೆ ಊರು, ಕೋರ್ಸು, ಮನೆಯವರ ಕೆಲಸ ಎಲ್ಲ ತೆಗೆದು ಅವರಿಗೇ ಓದಿ ಹೇಳಿ, ಒಪ್ಪಿದರೆ ಮಾತ್ರ ಹಾಕಿ.